ಗಣಕಯಂತ್ರಕ್ಕೆ ಶ್ರುತಿ

ಕಛೇರಿ ಆರಂಭವಾಗುವ ಮುನ್ನ ತಂಬೂರಿಯ ಬಿರಡೆ ತಿರುವಿ ಶ್ರುತಿಮಾಡಿಕೊಳ್ಳುವುದನ್ನು ನೀವು ರೇಡಿಯೋದಲ್ಲಿಯೂ ಸಭೆಗಳಲ್ಲಿಯೂ ಕೇಳಿರುತ್ತೀರಿ. ತಂಬೂರಿಯು ಗಾಯಕರ ಕಂಠಕ್ಕೆ ಹೊಂದಬೇಕೇ ಹೊರತು, ಅಂಗಡಿಯಿಂದ ಬಂದಾಗ ಅದು ಹೇಗಿತ್ತೋ ಹಾಗೆಯೇ ಹಾಡುವೆನೆಂದು ಯಾರೂ ಹೊರಡುವುದಿಲ್ಲ. ಆದರೆ ಐವತ್ತು ದಾಟಿದ ನಾವು ಗಣಕಯಂತ್ರದ ಮುಂದೆ ಕುಳಿತಾಗ ಮಾಡುವುದು ಅದನ್ನೇ. ಅಕ್ಷರ ಸಾಸಿವೆಯಷ್ಟಿದ್ದರೆ ಕತ್ತನ್ನು ಮುಂದಕ್ಕೆ ಚಾಚುತ್ತೇವೆ. ಬೆಳಕು ಕುಕ್ಕಿದರೆ ಕಣ್ಣನ್ನು ಕಿರಿದುಮಾಡುತ್ತೇವೆ. ಕನ್ನಡ ಮೂಡದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ತೃಪ್ತರಾಗುತ್ತೇವೆ. ಯಂತ್ರವನ್ನು ತಿದ್ದಲು ಮಾತ್ರ ಅಂಜುತ್ತೇವೆ.

ಈ ಅಂಜಿಕೆಯ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಹಿರಿಯ ಸಹೋದ್ಯೋಗಿಗಳೊಬ್ಬರಿಂದ. ನಿವೃತ್ತರಾದ ಮೇಲೆ ಅವರು ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸುತ್ತಿದ್ದರು. ನೇಗಿಲಿನ ಒಂದೊಂದು ಭಾಗದ ಹೆಸರು, ಮಳೆಯ ಬಗೆಗಳು, ದನಗಳ ಬಣ್ಣ—ಇವನ್ನೆಲ್ಲ ಹೇಳಬಲ್ಲ ಮುದುಕರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದರು. ಮಗ ತಂದಿಟ್ಟ ಗಣಕಯಂತ್ರದಲ್ಲಿ ಆರು ತಿಂಗಳು ಬರೆದು, ನಿಲ್ಲಿಸಿಬಿಟ್ಟರು. “ಕಣ್ಣು ಹೋಯಿತು ಕಣಯ್ಯಾ, ಇನ್ನು ಸಾಕು” ಎಂದರು. ನಾನು ಹೋಗಿ ನೋಡಿದೆ. ಹೋದದ್ದು ಕಣ್ಣಲ್ಲ, ಅಕ್ಷರ ಚಿಕ್ಕದಾಗಿತ್ತು, ಅಷ್ಟೆ.

ಗಣಕಯಂತ್ರದ ಸಕಲ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರಲ್ಲಿ ಹಲವು ಬಗೆಗಳುಂಟು. ನಾನು ಹೇಳತಕ್ಕದ್ದು 2021ರಲ್ಲಿ ಬಂದ ವಿಂಡೋಸ್ 11ನ್ನು ಕುರಿತು. ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಗುರುತಿನ ಕೀಲಿಯೊಂದಿದೆಯಷ್ಟೆ. ಅದನ್ನು ಒತ್ತಿಹಿಡಿದು ‘ಐ’ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತಿದರೆ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಬಿರಡೆಗಳೆಲ್ಲ ಇರುವುದು ಅಲ್ಲಿ.

ಆ ಪುಟದ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಟೆಕ್ಸ್ಟ್ ಸೈಜ್ ಎಂದಿದೆ. ಅಲ್ಲಿಯ ಗುಂಡಿಯನ್ನು ಬಲಕ್ಕೆ ಸರಿಸಿದಂತೆ ಅಕ್ಷರವು ಶೇಕಡ 100ರಿಂದ 225ರವರೆಗೆ ಬೆಳೆಯುತ್ತದೆ. ಅಕ್ಷರದೊಡನೆ ಚಿತ್ರಗಳೂ ಗುಂಡಿಗಳೂ ದೊಡ್ಡದಾಗಬೇಕಾದರೆ, ಸಿಸ್ಟಮ್ ವಿಭಾಗದ ಡಿಸ್‌ಪ್ಲೇ ಪುಟದಲ್ಲಿ ಸ್ಕೇಲ್ ಎಂಬುದನ್ನು ಹೆಚ್ಚಿಸಬೇಕು. ಸಂಜೆಯಾದೊಡನೆ ಪರದೆಯ ಬೆಳಕನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಕೂಡ ಇದೇ ಪುಟದಲ್ಲಿದೆ. ರೆಸಲ್ಯೂಶನ್ ಎಂಬುದೊಂದು ಹತ್ತಿರದಲ್ಲೇ ಉಂಟು, ಎಚ್ಚರಿಕೆ! ಅಕ್ಷರ ದೊಡ್ಡದಾಗಲೆಂದು ಅನೇಕರು ಅದನ್ನು ತಗ್ಗಿಸುತ್ತಾರೆ. ದೊಡ್ಡದೇನೋ ಆಗುತ್ತದೆ, ಆದರೆ ಅಂಚೆಲ್ಲ ಮಸುಕು. ತಪ್ಪಿ ಅದನ್ನು ಬದಲಾಯಿಸಿದರೂ ಗಾಬರಿ ಬೇಡ. ಹೀಗೆಯೇ ಇರಲೋ ಎಂದು ಯಂತ್ರ ಕೇಳುತ್ತದೆ. ನೀವು 15 ಸೆಕೆಂಡು ಉತ್ತರಿಸದಿದ್ದರೆ ತಾನಾಗಿಯೇ ಮೊದಲಿನಂತಾಗುತ್ತದೆ. ಇದು ತಿಳಿದ ದಿನ ನನ್ನ ಭಯ ಅರ್ಧ ಹೋಯಿತು. ನನ್ನ ಶಿಷ್ಯರ ತಪ್ಪಿಗೆ ನಾನು ಇಷ್ಟು ಔದಾರ್ಯ ತೋರಿಸಿದವನಲ್ಲ.

ಇನ್ನು ಕನ್ನಡದ ಮಾತು. ಟೈಮ್ ಅಂಡ್ ಲಾಂಗ್ವೇಜ್ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ, ಕಿಟಕಿಯ ಕೀಲಿಯೊಡನೆ ಉದ್ದನೆಯ ಸ್ಪೇಸ್ ಪಟ್ಟಿಯನ್ನು ಒತ್ತಿದಾಗಲೆಲ್ಲ ಕೀಲಿಮಣೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೊರಳುತ್ತದೆ. ಇಂಗ್ಲಿಷ್ ಅಕ್ಷರಗಳನ್ನೊತ್ತಿ ಕನ್ನಡ ಪಡೆಯುವ ಫೋನೆಟಿಕ್ ಕೀಲಿಮಣೆ ವಿಂಡೋಸ್‌ನಲ್ಲಿ 2019ರಿಂದ ಇದೆ. ಆತುರದವರಿಗೆ ಅದೇ ಸಾಕು. ನನಗೆ ಮಾತ್ರ ಇನ್‌ಸ್ಕ್ರಿಪ್ಟ್ ಮೆಚ್ಚು. ಭಾರತೀಯ ಮಾನಕ ಬ್ಯೂರೋ 1991ರ ತನ್ನ ಮಾನಕದಲ್ಲಿ ಸೇರಿಸಿದ ವಿನ್ಯಾಸವಿದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಒಂದು ಕೀಲಿಗೆ ಕಕಾರ. ಅದನ್ನೇ ಶಿಫ್ಟ್ ಸಹಿತ ಒತ್ತಿದರೆ ಖಕಾರ. ಗ ಇದ್ದಲ್ಲಿ ಘ, ತ ಇದ್ದಲ್ಲಿ ಥ. ಅಲ್ಪಪ್ರಾಣಕ್ಕೆ ಸ್ವಲ್ಪ ಬಲ ಕೊಟ್ಟರೆ ಮಹಾಪ್ರಾಣ! ವ್ಯಾಕರಣದ ಪಾಠವನ್ನು ಬೆರಳಿಗೆ ಇಳಿಸಿದಂತಿದೆ. ತೆಲುಗಿಗೂ ಹಿಂದಿಗೂ ಕಕಾರದ ಸ್ಥಾನ ಅದೇ. ಕೈ ಕೂಡಲು ನನಗೆ ಒಂದು ತಿಂಗಳು ಹಿಡಿಯಿತು; ಆಮೇಲೆ ಕೀಲಿಯನ್ನು ನೋಡುವ ಅಗತ್ಯವೇ ಬೀಳಲಿಲ್ಲ.

ಒಂದು ಪ್ರಮಾದವನ್ನೂ ಒಪ್ಪಿಕೊಳ್ಳುತ್ತೇನೆ. ಬಲಭುಜ ನೋಯುತ್ತಿದ್ದಾಗ ಶಾಲೆಯ ಗಣಕಯಂತ್ರದ ಮೌಸನ್ನು ಎಡಗೈಗೆ ತೆಗೆದುಕೊಂಡು, ಅದರ ಎಡ ಬಲ ಗುಂಡಿಗಳನ್ನು ಸೆಟ್ಟಿಂಗ್ಸ್‌ನಲ್ಲಿ ಅದಲುಬದಲು ಮಾಡಿದೆ. ಮರುದಿನ ಗಣಿತದ ಮೇಷ್ಟ್ರು ಯಂತ್ರ ಕೆಟ್ಟಿತೆಂದು ಬೇರೊಂದು ಮೌಸನ್ನೇ ತರಿಸಿದರು, ಅದೂ ಕೆಟ್ಟಿತ್ತು! ಎಲ್ಲರೂ ಒಂದೇ ಖಾತೆಯಿಂದ ಪ್ರವೇಶಿಸುತ್ತಿದ್ದುದೇ ಇದಕ್ಕೆ ಕಾರಣ. ಒಬ್ಬೊಬ್ಬರಿಗೂ ಬೇರೆ ಖಾತೆ ತೆರೆದರೆ ಅಕ್ಷರ, ಮೌಸು, ಭಾಷೆ ಎಲ್ಲವೂ ಅವರವರ ಇಚ್ಛೆಯಂತಿರುತ್ತವೆ. ಮನೆಯಲ್ಲಿ ಮಕ್ಕಳೊಡನೆ ಒಂದೇ ಯಂತ್ರವನ್ನು ಹಂಚಿಕೊಂಡಿರುವವರು ಮೊದಲು ಮಾಡಬೇಕಾದ ಕೆಲಸ ಇದು. ಒಂದು ದಿನಕ್ಕೆ ಒಂದನ್ನೇ ಬದಲಾಯಿಸಿ. ಮೊದಲು ಹೇಗಿತ್ತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಹಿರಿಯರ ಯಂತ್ರದಲ್ಲಿ ಅಕ್ಷರವನ್ನು ಶೇಕಡ 175ಕ್ಕೆ ಏರಿಸಿ, ಕನ್ನಡವನ್ನು ಸೇರಿಸಿಕೊಟ್ಟು ಬಂದೆ. ಮೊನ್ನೆ ಹೋದಾಗ ನೇಗಿಲಿನ ಅಧ್ಯಾಯ ಮುಗಿದು ಮಳೆಯ ಅಧ್ಯಾಯ ನಡೆದಿತ್ತು. ಮೊಮ್ಮಗಳದು ಒಂದೇ ದೂರು: “ತಾತ, ಬೀದಿಯಲ್ಲಿ ಹೋಗುವವರೆಲ್ಲ ಇದನ್ನು ಓದಬಹುದು.”

“ಓದಲಿ ಬಿಡಮ್ಮ” ಎಂದು ಅವರು ಮುಂದಿನ ಸಾಲಿಗೆ ಹೋದರು.