ನೆರೆಯವರ ಪ್ರಾರ್ಥನೆ

ಬೋಸ್ನಿಯಾದ ಯುದ್ಧ 1995ರಲ್ಲಿ ನಿಂತಿತು. ನೆರೆಹೊರೆಯವರ ನಡುವಣ ಅಪನಂಬಿಕೆ ನಿಲ್ಲಲಿಲ್ಲ. ಮರುವರ್ಷವೇ ಸರಾಯೆವೊ ನಗರದಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಇವೊ ಮಾರ್ಕೊವಿಚ್ ಅವರು 'ಪೊಂತಾನಿಮಾ' ಎಂಬ ವೃಂದಗಾನದ ಮೇಳವೊಂದನ್ನು ಕಟ್ಟಿದರು. ಆ ಹೆಸರಿನಲ್ಲಿ ಸೇತುವೆಯೂ ಇದೆ, ಆತ್ಮವೂ ಇದೆ. ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು, ಮುಸ್ಲಿಮರು, ಯಾವ ಮತವನ್ನೂ ಒಪ್ಪದವರು ಅಲ್ಲಿ ಕಲೆತರು. ತನ್ನ ಪ್ರಾರ್ಥನೆಯನ್ನು ತಾನು ಹಾಡುವುದು ಸುಲಭ. ನಿನ್ನೆಯವರೆಗೆ ಗುಂಡು ಹಾರಿಸಿದವರ ಪ್ರಾರ್ಥನೆಯನ್ನು ನಾಲಗೆಗೆ ತಂದುಕೊಳ್ಳುವುದು ಕಠಿಣ. ಆರಂಭದಲ್ಲಿ ಹಿಂಜರಿದವರೂ ಉಂಟು.

ವೃಂದಗಾನದಲ್ಲಿ ಒಂದು ಪದ್ಧತಿಯುಂಟು. ದೀರ್ಘಸ್ವರ ಹಿಡಿದಾಗ ಎಲ್ಲರೂ ಒಟ್ಟಿಗೆ ಉಸಿರೆಳೆಯುವುದಿಲ್ಲ. ಒಬ್ಬನು ಉಸಿರೆಳೆಯುವಾಗ ಪಕ್ಕದವನು ಸ್ವರವನ್ನು ಕಾಯುತ್ತಾನೆ. ಹಾಡು ತುಂಡಾಗದು. ನೆರೆಯವನ ಉಸಿರಿನ ಮೇಲಣ ಈ ಭರವಸೆಯನ್ನೇ ನಾನು ಸಹಬಾಳ್ವೆ ಎಂದು ಕರೆಯುತ್ತೇನೆ.