ಕ್ರೈಸ್ತ ಶ್ರದ್ಧೆಯಲ್ಲಿ ದುಃಖವೂ ಭರವಸೆಯೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕ್ರೈಸ್ತನಾದ ನನ್ನನ್ನು ಈ ವೇದಿಕೆಗೆ ಕರೆದು, ನಿಮ್ಮ ಮತವು ದುಃಖವನ್ನು ಹೇಗೆ ತಿಳಿಯುತ್ತದೆ, ಅದರ ನಡುವೆ ಭರವಸೆಯನ್ನು ಎಲ್ಲಿಂದ ಪಡೆಯುತ್ತದೆ ಎಂಬುದನ್ನು ಹೇಳಿರಿ ಎಂದು ಶ್ರೀಮಠದವರು ಅಪ್ಪಣೆ ಕೊಡಿಸಿರುವುದು ಅವರ ಔದಾರ್ಯದ ಗುರುತು. ನಾನು ಪಂಡಿತನಲ್ಲ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿರುವ ಸಂಸೆಯ ಕಡೆಯವನು. ತೋಟದ ಕೂಲಿ ಲೈನಿನ ಮನೆಯಲ್ಲಿ ಬೆಳೆದವನು. ಆದುದರಿಂದ ಶಾಸ್ತ್ರಾರ್ಥಕ್ಕೆ ಕೈಹಾಕದೆ, ಕಂಡುದನ್ನೂ ಹಿರಿಯರಿಂದ ಕೇಳಿದುದನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ತಮ್ಮ ಹಣೆಗಳ ಮೇಲಣ ವಿಭೂತಿಯನ್ನು ನೋಡಿದಾಗ ಮಾತನ್ನು ಎಲ್ಲಿಂದ ತೊಡಗಬೇಕೆಂಬುದು ನನಗೆ ಹೊಳೆಯಿತು. ನಮ್ಮಲ್ಲಿಯೂ ವರ್ಷಕ್ಕೊಮ್ಮೆ ಹಣೆಗೆ ಬೂದಿಯನ್ನಿಡುವ ದಿನವೊಂದುಂಟು. ಪಾಸ್ಕ ಹಬ್ಬಕ್ಕೆ ಮೊದಲು ಬರುವ ನಲವತ್ತು ದಿನಗಳ ಉಪವಾಸ ಕಾಲವು ಆ ದಿನ ಆರಂಭವಾಗುತ್ತದೆ. ಕನ್ನಡ ಕ್ಯಾಥೊಲಿಕರು ಅದನ್ನು ವಿಭೂತಿ ಬುಧವಾರವೆಂದೇ ಕರೆಯುವರು. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಜಯಘೋಷ ಮಾಡುತ್ತ ಹಿಡಿದಿದ್ದ ಗರಿಗಳನ್ನೇ ಸುಟ್ಟು ಆ ಬೂದಿಯನ್ನು ಮಾಡುವುದು ವಾಡಿಕೆ. ಮಣ್ಣಿನಿಂದಾದ ಮನುಷ್ಯನು ಮರಳಿ ಮಣ್ಣನ್ನೇ ಸೇರತಕ್ಕವನೆಂದು ಗುರುಗಳು ನೆನಪಿಸುವರು. ತಮ್ಮ ವಿಭೂತಿಯ ಅರ್ಥ ಬೇರೆ, ನಮ್ಮ ಬೂದಿಯ ಅರ್ಥ ಬೇರೆ; ಎರಡೂ ಒಂದೇ ಎಂದು ಸುಲಭವಾಗಿ ಹೇಳಿ ತಮ್ಮನ್ನು ಮೆಚ್ಚಿಸಲಾರೆನು. ಆದರೆ ಹಣೆಯ ಮೇಲೆ ಬೂದಿಯನ್ನು ಧರಿಸುವವರು ಪರಸ್ಪರರ ದುಃಖದ ಮಾತನ್ನು ಕೇಳಲು ಅರ್ಹರೆಂದು ನಂಬುವೆನು.

ನಮ್ಮ ಜನರ ದೊಡ್ಡ ದುಃಖವೂ ಒಂದು ಬೂದಿ ಬುಧವಾರದ ಸಮಯದಲ್ಲಿಯೇ ಬಂದಿತು. 1784ನೆಯ ಇಸವಿಯ ಫೆಬ್ರವರಿಯಲ್ಲಿ, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ಯಾಥೊಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಹೊಲ ಮನೆಗಳು ಹೋದುವು; ಇಗರ್ಜಿಗಳು ನೆಲಸಮವಾದುವು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಬಹು ಮಂದಿ ಎಂಬುದರಲ್ಲಿ ಸಂದೇಹವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಉಳಿದವರು ಬಿಡುಗಡೆ ಹೊಂದಿದರು. ಹದಿನೈದು ವರ್ಷ! ಸೆರೆಗೆ ಹೋಗುವಾಗ ಕಂಕುಳಲ್ಲಿದ್ದ ಕೂಸು ಹಿಂದಿರುಗುವಾಗ ಹರೆಯಕ್ಕೆ ಬಂದಿರಬೇಕು.

ಹಗೆಯನ್ನು ಕಾಯ್ದಿಡುವುದಕ್ಕಾಗಿ ಈ ಮಾತನ್ನೆತ್ತಲಿಲ್ಲ. ಮರಳಿದವರು ಕೆಟ್ಟ ಗದ್ದೆಯನ್ನು ಮತ್ತೆ ಉತ್ತರು, ಬಿದ್ದ ಇಗರ್ಜಿಯನ್ನು ಮತ್ತೆ ಎತ್ತಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನ ಮೇಲೆ ಕಾಫಿಯ ಬೆಳೆ ಹಬ್ಬಿದಾಗ ಕರಾವಳಿಯ ಕ್ರೈಸ್ತರನೇಕರು ಮತ್ತೆ ಘಟ್ಟ ಹತ್ತಿದರು. ಈ ಸಲ ಸರಪಣಿಯಿಂದಲ್ಲ, ಕತ್ತಿ ಗುದ್ದಲಿಗಳೊಡನೆ, ಹೊಟ್ಟೆಯ ಪಾಡಿಗಾಗಿ. ಈ ಸೀಮೆಯ ಕ್ಯಾಥೊಲಿಕರಿಗಾಗಿ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಏರ್ಪಟ್ಟಿತು. ಕಲ್ಯಾಣದ ಕ್ರಾಂತಿಯಲ್ಲಿ ಶರಣರು ಚದರಿ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಹೋದರೆಂಬ ಪರಂಪರೆಯುಳ್ಳ ತಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಎಲ್ಲವನ್ನೂ ಕಳೆದುಕೊಂಡ ಜನರು ಯಾವುದನ್ನು ಹೊತ್ತು ನಡೆದರೋ ಅದೇ ಅವರ ಭರವಸೆ.

ಇದು ಸಮುದಾಯದ ದುಃಖವಾಯಿತು. ಒಂದು ಮನೆಯ ದುಃಖವನ್ನು ಹೇಳಲು ಅಪ್ಪಣೆಯಾಗಬೇಕು. ನಾನು ಹುಡುಗನಾಗಿದ್ದಾಗ ಒಂದು ಆಷಾಢದಲ್ಲಿ ಆರು ವರ್ಷದ ನನ್ನ ತಂಗಿಗೆ ಜ್ವರ ಬಂದಿತು. ಹೊಳೆ ತುಂಬಿ ದಾರಿ ಕಡಿದಿತ್ತು. ಮೂರನೆಯ ರಾತ್ರಿ ಮಗು ತೀರಿಕೊಂಡಿತು. ನಮ್ಮ ಮತದವರೇ ಒಬ್ಬರು ಬಂದು, ಪ್ರಾರ್ಥನೆಯಲ್ಲಿ ನೀವು ಮಾಡಿದ ಉದಾಸೀನಕ್ಕೆ ಇದು ದೇವರು ಕೊಟ್ಟ ಶಿಕ್ಷೆಯೆಂದರು. ಅಂದಿನಿಂದ ನನ್ನ ತಾಯಿ ಮಾತನ್ನೇ ನಿಲ್ಲಿಸಿದಳು. ಆಚೆಯ ಮನೆಯಲ್ಲಿ ತಮ್ಮ ಮತದ ಒಬ್ಬ ಮುದುಕಿ ಇದ್ದಳು. ಆಕೆ ದಿನವೂ ಸಂಜೆ ಬಂದು ಒಲೆ ಹಚ್ಚುವಳು, ಗಂಜಿ ಕಾಯಿಸುವಳು, ನನ್ನ ತಾಯಿಯ ಪಕ್ಕದಲ್ಲಿ ಕುಳಿತು ಕತ್ತಲಾದ ಮೇಲೆ ಹೋಗುವಳು. ಒಂದು ಉಪದೇಶವಿಲ್ಲ, ಒಂದು ಸಮಾಧಾನದ ಮಾತಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ತಾಯಿ ತಾನಾಗಿಯೇ, "ಅಜ್ಜೀ, ನಿಮ್ಮ ಹಸು ಕರು ಹಾಕಿತೆ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಮತ್ತೆ ಬೆಳಕು ಕಂಡುದು ಆ ಮಾತಿನಿಂದ.

ಮುಂದೆ ನಾನು ಬೈಬಲಿನ ಯೋಬನ ಗ್ರಂಥವನ್ನು ಓದುವಾಗ ಈ ಇಬ್ಬರೂ ಅಲ್ಲಿ ಕಾಣಿಸಿದರು. ಯೋಬನೆಂಬ ಸಜ್ಜನನು ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತನು. ಮೂವರು ಮಿತ್ರರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರು ಧನ್ಯರಾಗುತ್ತಿದ್ದರು! ಆಮೇಲೆ ಬಾಯಿ ತೆರೆದು, ನಿನ್ನ ಪಾಪವೇ ಇದಕ್ಕೆ ಕಾರಣವೆಂದು ವಾದಿಸಿದರು. ಕಡೆಯಲ್ಲಿ ದೇವರು ಗದರಿಸಿದುದು ತನ್ನೊಡನೆ ಜಗಳವಾಡಿದ ಯೋಬನ ಮಿತ್ರರನ್ನು. ತನ್ನ ಪಕ್ಷವನ್ನು ವಹಿಸಿದವರೆಂದು ಅವರನ್ನು ಮೆಚ್ಚಲಿಲ್ಲ. ಯೋಬನಿಗಾದರೋ ತನ್ನ ಕಷ್ಟದ ಕಾರಣವು ಕೊನೆಯವರೆಗೂ ತಿಳಿಯಲಿಲ್ಲ, ದೇವರ ದರ್ಶನವಾಯಿತು.

ಯೇಸುವಿನ ಕಾಲದಲ್ಲಿ ಸಿಲೋವ ಎಂಬಲ್ಲಿ ಗೋಪುರ ಬಿದ್ದು 18 ಜನರು ಸತ್ತರು. ಸತ್ತವರು ಊರಿನ ಇತರರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿರಿ ಎಂದು ಯೇಸು ಹೇಳಿ, ಕೇಳುತ್ತಿದ್ದವರಿಗೆ ತಮ್ಮ ತಮ್ಮ ಮನಸ್ಸನ್ನು ತಿರುಗಿಸಿಕೊಳ್ಳುವಂತೆ ಎಚ್ಚರಿಸಿದನು. ಅನ್ಯರ ದುಃಖವನ್ನು ಕಂಡಾಗ ಅವರ ಲೆಕ್ಕವನ್ನು ತೆಗೆಯಬಾರದು, ನಮ್ಮ ಲೆಕ್ಕವನ್ನು ನೋಡಿಕೊಳ್ಳಬೇಕು. ಕರ್ಮವಿಚಾರವನ್ನು ನಾನಿಲ್ಲಿ ಖಂಡಿಸುವವನಲ್ಲ. ಆದರೆ ಯಾವ ಮತದ ಸಿದ್ಧಾಂತವೇ ಆಗಲಿ, ಅಳುತ್ತಿರುವವನ ಎದುರು ಕಲ್ಲಿನಂತೆ ಎಸೆಯಲ್ಪಟ್ಟರೆ ಅದು ಸತ್ಯವಾಗಿ ಉಳಿಯಲಾರದು.

ಹಾಗಾದರೆ ನಮ್ಮ ಉತ್ತರವೇನು? ಶಿಲುಬೆಯೇ ನಮ್ಮ ಉತ್ತರ. ದುಃಖವನ್ನು ದೂರದಿಂದ ವಿವರಿಸದೆ, ದೇವರು ತಾನೇ ಅದರೊಳಕ್ಕೆ ಇಳಿದನೆಂದು ನಂಬುವೆವು. ಕೈಬಿಟ್ಟುದೇಕೆಂದು ಯೇಸುವೇ ಶಿಲುಬೆಯ ಮೇಲಿನಿಂದ ದೇವರನ್ನು ಕೂಗಿ ಕೇಳಿದನು. ಆದುದರಿಂದ ನೊಂದವನು ಹಾಗೆ ಕೂಗುವುದು ಅವಿಶ್ವಾಸವಲ್ಲ. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಆ ಕೊನೆಯ ದಿನವನ್ನೇ ವಸ್ತುವಾಗಿ ಹಿಡಿದು 'ಗೊಲ್ಗೊಥಾ' ಎಂಬ ಕಾವ್ಯವನ್ನು ರಚಿಸಿದರು. ದುಃಖಕ್ಕೆ ಮತದ ಬೇಲಿಯಿಲ್ಲವೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೂರನೆಯ ದಿನ ಯೇಸು ಎದ್ದನೆಂಬುದು ನಮ್ಮ ಭರವಸೆಯ ಬುಡ. ಆದರೆ ಎದ್ದು ಬಂದವನ ಕೈಗಳಲ್ಲಿ ಗಾಯಗಳು ಹಾಗೆಯೇ ಇದ್ದುವು. ಸಂದೇಹಪಟ್ಟ ತೋಮನೆಂಬ ಶಿಷ್ಯನಿಗೆ ಅವನು ತೋರಿಸಿದುದು ಆ ಗಾಯಗಳನ್ನೇ. ಆಸೆಯು ಗಾಯವೇ ಇಲ್ಲದ ಬಾಳನ್ನು ಬಯಸುತ್ತದೆ; ಭರವಸೆಯು ಗಾಯದೊಡನೆ ಎದ್ದು ನಿಲ್ಲುತ್ತದೆ. ನನ್ನ ತಾಯಿ ಮತ್ತೆ ನಕ್ಕಳು. ತಂಗಿಯನ್ನು ಮರೆತು ನಗಲಿಲ್ಲ.

2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ ಮುಂತಾದ ಊರುಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಮಣ್ಣುಪಾಲಾದುವು. ಕಳಸ ಹೊರನಾಡುಗಳ ನಡುವಣ ಹೆಬ್ಬಾಳೆ ಸೇತುವೆಯು ಭದ್ರೆಯಲ್ಲಿ ಮುಳುಗಿತು. ಆಗಲೂ ಯಾರ ಪಾಪದಿಂದ ಹೀಗಾಯಿತೆಂಬ ಮಾತು ನನ್ನ ಕಿವಿಗೆ ಬಿದ್ದಿತು. ಸಿಲೋವದ ಗೋಪುರವು ನನ್ನ ನೆನಪಿಗೆ ಬಂದಿತು. ಒಲೆ ಹಚ್ಚಲು ಬರುತ್ತಿದ್ದ ಆ ಅಜ್ಜಿಯೂ ನೆನಪಾದಳು. ಕೇಳಬೇಕಾದ ಪ್ರಶ್ನೆ, ಯಾರ ಮನೆಯಲ್ಲಿ ಇಂದು ಒಲೆ ಉರಿದಿಲ್ಲ ಎಂಬುದು. ತಾವು ದಾಸೋಹವೆಂದು ಕರೆಯುವುದರ ಬೆಲೆಯನ್ನು ನಾನು ಗ್ರಂಥದಿಂದ ತಿಳಿಯಲಿಲ್ಲ, ಆಕೆಯ ಗಂಜಿಯಿಂದ ತಿಳಿದೆನು.

ಆಕೆ ಈಗಿಲ್ಲ. ಆಕೆಗೆ ಸಲ್ಲಿಸದೆ ಉಳಿದಿದ್ದ ಕೃತಜ್ಞತೆಯನ್ನು ಆಕೆಯ ಗುರುಪೀಠದ ಮುಂದೆ ಇಂದು ಸಲ್ಲಿಸುವ ಭಾಗ್ಯವು ನನ್ನದಾಯಿತು. ಈ ಶ್ರೀಮಠದ ಒಲೆಯು ಎಂದೆಂದಿಗೂ ಆರದಿರಲಿ ಎಂದು ನಾನು ನಂಬಿದ ದೇವರಲ್ಲಿ ಪ್ರಾರ್ಥಿಸಿ, ನನ್ನ ಅಲ್ಪ ಮಾತುಗಳನ್ನು ಮುಗಿಸುವೆನು.