ನೆಲ ತಂದ ಜೀವಿ, ಹಡಗು ತಂದ ಜೀವಿ

(ಅಬ್ಬಿಗೆರೆಯ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಮುಂಗಾರು ಹಿಡಿದರೆ ಅಬ್ಬಿಗೆರೆಯ ಕೈತೋಟಗಳಲ್ಲಿ ಎರೆಹುಳು ಮೇಲೇಳುತ್ತದೆ, ಗೋಡೆಗೆ ಬಸವನಹುಳು ಹತ್ತುತ್ತದೆ. ಹೀಗೆ ತೆವಳುವ ಜೀವಿಗಳು ಕಡಲಾಚೆಯ ದೇಶಗಳಲ್ಲೂ ಇವೆಯಲ್ಲ, ಅದು ಹೇಗೆ? ಕೆಲವನ್ನು ನೆಲವೇ ಹೊತ್ತು ತಂದಿತು; ಕೆಲವನ್ನು ಮನುಷ್ಯ ಹೊತ್ತು ತಂದ.

ಭೂಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗನರ್ 1912ರಲ್ಲಿ ಹೇಳಿದಾಗ ಬಹುಮಂದಿ ನಂಬಲಿಲ್ಲ. 1960ರ ದಶಕದಲ್ಲಿ ಸಮುದ್ರತಳದ ಸಂಶೋಧನೆಗಳು ಅದನ್ನು ಖಚಿತಪಡಿಸಿದವು. ಆಫ್ರಿಕ, ಮಡಗಾಸ್ಕರ್, ಆಸ್ಟ್ರೇಲಿಯ, ಭಾರತ ಎಲ್ಲವೂ ಒಮ್ಮೆ ಗೊಂಡ್ವಾನವೆಂಬ ಒಂದೇ ಖಂಡವಾಗಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತ ಮಡಗಾಸ್ಕರಿನಿಂದ, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಸೀಷೆಲ್ಸ್ ದ್ವೀಪಗಳಿಂದ ಬೇರೆಯಾಗಿ ಉತ್ತರಕ್ಕೆ ಸರಿದು ಏಷ್ಯಕ್ಕೆ ಢಿಕ್ಕಿ ಹೊಡೆಯಿತು, ಹಿಮಾಲಯ ಎದ್ದಿತು. ಸುಮಾರು 300 ಕೋಟಿ ವರ್ಷ ವಯಸ್ಸಿನ ಲಾಲ್‌ಬಾಗಿನ ಬಂಡೆಯೂ ಈ ಪ್ರಯಾಣ ಮಾಡಿದೆ.

ಮಲೆನಾಡು, ಕರಾವಳಿಯ ತೋಟಗಳಲ್ಲಿ ಮಣ್ಣು ಅಗೆಯುವಾಗ ಉಂಗುರ ಮೈಯ, ಕಾಲಿಲ್ಲದ ಪ್ರಾಣಿಯೊಂದು ಸಿಗುತ್ತದೆ. ಹಾವಿನ ಮರಿಯೆಂದು ಹೊಡೆಯುವವರೇ ಹೆಚ್ಚು. ಅದು ಹಾವೂ ಅಲ್ಲ, ಹುಳುವೂ ಅಲ್ಲ; ಕಪ್ಪೆಯ ಬಳಗದ ಸಿಸಿಲಿಯನ್. ಎರೆಹುಳು, ಗೆದ್ದಲು ಇದರ ಆಹಾರ. ಕೊಲ್ಲಲು ಕಾರಣವೇ ಇಲ್ಲ. ಇದರ ಒಂದು ಜಾತಿಯನ್ನು 1999ರಲ್ಲಿ ದಕ್ಷಿಣ ಕನ್ನಡದ ಗುರುಪುರದಿಂದ ಹೊಸದಾಗಿ ವರ್ಣಿಸಲಾಯಿತು. ತೇವದ ಚರ್ಮದ ಈ ಪ್ರಾಣಿಗೆ ಉಪ್ಪುನೀರು ಆಗದು. ಆದರೂ ಅದರ ಹತ್ತಿರದ ನಂಟರಿರುವುದು ಸಮುದ್ರದಾಚೆಯ ಸೀಷೆಲ್ಸಿನಲ್ಲಿ! ಈಜಿ ಹೋದದ್ದಲ್ಲ, ಮನೆ ಹಿಸ್ಸೆಯಾದಾಗ ಅಣ್ಣತಮ್ಮಂದಿರು ಬೇರೆಯಾದಂತೆ, ನೆಲ ಒಡೆದಾಗ ಅವೂ ಬೇರೆಯಾದವು. ಬಳಿಕ ಆಯಾ ನೆಲದಲ್ಲಿ ಬೇರೆ ಬೇರೆ ಜಾತಿಗಳಾಗಿ ಬೆಳೆದವು. ಕೇರಳದ ಇಡುಕ್ಕಿಯಿಂದ 2003ರಲ್ಲಿ ವರ್ಣಿಸಲಾದ ನೇರಳೆ ಕಪ್ಪೆಯ ನಂಟರೂ ಅಲ್ಲಿಯವರೇ.

ಎಲ್ಲವನ್ನೂ ನೆಲದ ಲೆಕ್ಕಕ್ಕೇ ಬರೆಯಲಾಗದು. ಏಷ್ಯ ಸೇರಿದ ಮೇಲೆ ಅತ್ತಿಂದ ಇತ್ತ ಬಂದವೂ ಉಂಟು, ಇತ್ತಿಂದ ಅತ್ತ ಹೋದವೂ ಉಂಟು.

ಇನ್ನು ಆಫ್ರಿಕದ ದೊಡ್ಡ ಬಸವನಹುಳು. ಇದನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಮನುಷ್ಯನೇ ತಂದ. ನೆಲ ಕೋಟಿ ವರ್ಷಗಳಲ್ಲಿ ಮಾಡಿದ್ದನ್ನು ಹಡಗು ಕೆಲವೇ ವಾರಗಳಲ್ಲಿ ಮಾಡಿತು. ತವರಿನ ಶತ್ರುಗಳು ಜೊತೆಗೆ ಬರಲಿಲ್ಲ. ಈಗ ಪಪ್ಪಾಯಿ, ತರಕಾರಿ, ಹಿಪ್ಪುನೇರಳೆ ಯಾವುದನ್ನೂ ಅದು ಬಿಡುವುದಿಲ್ಲ. ಸಂಜೆ ತೋಟದಲ್ಲಿ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಎಲೆಕೋಸಿನ ಎಲೆ ಇಡಿ. ಬೆಳಗ್ಗೆ ಅಲ್ಲಿ ಸೇರಿದವನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ. ತೋಟಕ್ಕೇ ಉಪ್ಪು ಎರಚಿದರೆ ಮಣ್ಣೂ ಕೆಡುತ್ತದೆ, ಎರೆಹುಳುವೂ ಸಾಯುತ್ತದೆ. ಬೇರೆಡೆಯಿಂದ ಸಸಿ ತರುವಾಗ ಬೇರಿನ ಮಣ್ಣಿನಲ್ಲಿ ಅದರ ಮೊಟ್ಟೆಗಳಿವೆಯೇ ಎಂದು ಬಿಡಿಸಿ ನೋಡಿ.